ಬಿಳಿ ಹಿಂಡಿನ ನಡುವೆ ಒಂದು ಕಪ್ಪು ಅಲ್ಪಾಕ

ಬಿಳಿ ಪ್ರಾಣಿಯನ್ನು ಹಿಮದ ಬೆಟ್ಟದ ಮುಂದೆ ನಿಲ್ಲಿಸಿ ಫೋಟೋ ತೆಗೆಯಲು ಹೋದರೆ ಕ್ಯಾಮೆರಾಕ್ಕೆ ತಲೆ ಕೆಡುತ್ತದೆ. ಅದರ ಮೀಟರ್ ಲೋಕವೆಲ್ಲ ಸರಾಸರಿ ಬೂದು ಬಣ್ಣದ್ದು ಅಂತ ನಂಬಿಕೊಂಡಿರುತ್ತದೆ. ಎದುರಿಗೆ ಬರೀ ಬಿಳಿ ಕಂಡರೆ ಬೆಳಕು ಜಾಸ್ತಿಯಾಯಿತು ಅಂದುಕೊಂಡು ತಾನೇ ಕಡಿಮೆ ಮಾಡಿಬಿಡುತ್ತದೆ. ಬಿಳಿ ಉಣ್ಣೆಗೆ ಬೂದಿ ಬಳಿದಂತೆ ಚಿತ್ರ ಬರುತ್ತದೆ. ಹಾಗಾಗಿ ಒಂದು ಸ್ಟಾಪ್, ಒಮ್ಮೊಮ್ಮೆ ಒಂದೂವರೆ ಸ್ಟಾಪ್ ಬೆಳಕು ನಾವೇ ಜಾಸ್ತಿ ಕೊಡಬೇಕು. ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡರಷ್ಟು. ಈ ಕೆಲಸ ಗೊತ್ತಿರುವವರಿಗೆ ಇದು ಹೊಸದೇನಲ್ಲ. ಆದರೆ ಪೆರು ದೇಶದ ಔಸಾಂಗಾತೆ ಬೆಟ್ಟದ ಬುಡದಲ್ಲಿ ಇದನ್ನೇ ಮಾಡಿ ಮಾಡಿ ಸಾಕಾಗಿ, ನನಗೆ ಬೇರೆ ಒಂದು ಪ್ರಶ್ನೆ ಹುಟ್ಟಿತು. ಉಣ್ಣೆಗಾಗಿ ಸಾಕುವ, ಒಂಟೆಯ ಬಳಗದ ಇಲ್ಲಿನ ಅಲ್ಪಾಕಗಳೆಲ್ಲ ಯಾಕೆ ಬಿಳಿ?

ಅಲ್ಪಾಕಕ್ಕೆ ಹುಟ್ಟಿನಿಂದಲೇ ಬೇಕಾದಷ್ಟು ಬಣ್ಣ ಇದೆ. ಕಪ್ಪು, ಕಂದು, ಬೂದು, ಕೆನೆ, ಕೆಂಪು ಮಿಶ್ರಿತ ಕಂದು. ಉಣ್ಣೆ ವ್ಯಾಪಾರದವರು ಇಪ್ಪತ್ತಕ್ಕೂ ಹೆಚ್ಚು ಸಹಜ ಬಣ್ಣಗಳನ್ನು ಗುರುತಿಸುತ್ತಾರೆ. ನಾನು ಓದಿಕೊಂಡು ಹೋಗಿದ್ದೂ ಅದನ್ನೇ. ಬಣ್ಣಬಣ್ಣದ ಹಿಂಡು, ಹಿಂದೆ ಹಿಮ, ಮೇಲೆ ಕಡು ನೀಲಿ ಆಕಾಶ. ಇಂಥದ್ದೊಂದು ಚಿತ್ರ ಮನಸ್ಸಲ್ಲೇ ತೆಗೆದಿಟ್ಟುಕೊಂಡಿದ್ದೆ.

ಕುಸ್ಕೊ ನಗರವೇ ಸಮುದ್ರ ಮಟ್ಟದಿಂದ 3,400 ಮೀಟರ್ ಮೇಲಿದೆ. 900 ಮೀಟರಿನ ಬೆಂಗಳೂರಿನಿಂದ ಹೋದವನಿಗೆ ಹೋಟೆಲಿನ ಮೆಟ್ಟಿಲೇ ಬೆಟ್ಟ. ಅಲ್ಲಿ ಒಗ್ಗಿಕೊಂಡ ಮೇಲೆ ಬಸ್ಸಿನಲ್ಲಿ ತಿಂಕಿ ಅನ್ನುವ ಊರು, ಅಲ್ಲಿಂದ ಮಣ್ಣಿನ ರಸ್ತೆಯಲ್ಲಿ ಪಚ್ಚಾಂತಾ. ಪಚ್ಚಾಂತಾದಲ್ಲಿ ಬಿಸಿನೀರಿನ ಬುಗ್ಗೆ ಇದೆ. ಕುತ್ತಿಗೆವರೆಗೆ ನೀರಲ್ಲಿ ಕೂತು, 6,300 ಮೀಟರ್ ದಾಟಿದ ಔಸಾಂಗಾತೆಯನ್ನು ನೋಡಬಹುದು. ಸ್ವರ್ಗ ಅಂದುಕೊಳ್ಳಬೇಡಿ. ನೀರಿನಿಂದ ಎದ್ದು ಟವೆಲ್ ತನಕ ಹೋಗುವಷ್ಟರಲ್ಲಿ ಹಲ್ಲು ಕಟಕಟ ಅನ್ನುತ್ತದೆ.

ಫೋಟೋಗ್ರಾಫರ್‌ಗಳಿಗೆ ಉಸಿರು ಬಿಗಿಹಿಡಿದು ಬಟನ್ ಒತ್ತುವ ಅಭ್ಯಾಸ ಇರುತ್ತದೆ, ಅಲ್ವಾ? 4,500 ಮೀಟರ್ ಎತ್ತರದಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಸಿರು ಹಿಡಿದು ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟರೆ ಅಲ್ಪಾಕ ಮಾತ್ರವಲ್ಲ, ಬೆಟ್ಟವೂ ತಿರುಗತೊಡಗುತ್ತದೆ. ಏದುಸಿರು ಬಿಡುತ್ತಲೇ ತೆಗೆಯಬೇಕು. ಕೈ ನಡುಗುತ್ತದೆ ಅಂತ ಶಟರ್ ವೇಗ ಏರಿಸಬೇಕು. ಬ್ಯಾಟರಿಯನ್ನು ಒಳಂಗಿಯ ಜೇಬಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಚಳಿಗೆ ಬೇಗ ಸೋತುಹೋಗುತ್ತದೆ. ರಾತ್ರಿ ಕ್ಯಾಮೆರಾವನ್ನು ಬೆಚ್ಚಗಿನ ಅಡುಗೆಮನೆಗೆ ಒಯ್ಯುವ ಮುಂಚೆ ಚೀಲದೊಳಗೆ ಕಟ್ಟಿಡಬೇಕು. ಹಾಗೇ ಒಯ್ದರೆ ಲೆನ್ಸ್ ಬೆವರುತ್ತದೆ.

ಜೂನ್ ತಿಂಗಳು. ಅಲ್ಲಿಗೆ ಅದು ಒಣಗಾಲ, ಚಳಿಗಾಲ ಎರಡೂ. ನಾನು ಉಳಿದಿದ್ದ ಮನೆಯವರ ಅಲ್ಪಾಕ ದೊಡ್ಡಿ ಮನೆಯ ಪಕ್ಕದಲ್ಲೇ ಇತ್ತು. ಮಣ್ಣು, ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ. ಆ ದಿನ ಬೆಳಕು ಹರಿಯುವ ಮುಂಚೆಯೇ ಹೋಗಿ ನಿಂತೆ. ಹಿಂಡೆಲ್ಲ ಕಾಲು ಮಡಚಿ ಕೂತಿತ್ತು. ಬೆನ್ನ ಮೇಲಿನ ಉಣ್ಣೆಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಅಲ್ಪಾಕಗಳು ಕೂಗುವುದು ಕಡಿಮೆ, ಗುನುಗುತ್ತವೆ. ಮೂಗಿನಲ್ಲೇ 'ಮ್ಞ್' ಅಂತ, ಕೊನೆಗೆ ಪ್ರಶ್ನೆ ಕೇಳಿದ ಹಾಗೆ ರಾಗ ಏರಿಸಿ. ನೂರರ ಹತ್ತಿರ ಪ್ರಾಣಿಗಳು ಒಟ್ಟಿಗೆ ನನ್ನನ್ನೇ ಏನೋ ವಿಚಾರಿಸುತ್ತಿದ್ದಂತೆ ಇತ್ತು.

ಸೂರ್ಯ ಬಂದ ಮೇಲೂ ಹಿಂಡನ್ನು ಬಿಡಲಿಲ್ಲ. ಬೆಳಗಿನ ಒಳ್ಳೆಯ ಬೆಳಕು ಹೋಗ್ತಾ ಇದೆ ಅಂತ ನನಗೆ ಚಡಪಡಿಕೆ. ಮನೆಯಾಕೆ ಮಾತ್ರ ಗೋಡೆಗೆ ಒರಗಿ ಉಣ್ಣೆ ನೂಲುತ್ತಾ ನಿಂತಿದ್ದರು. ಕೈಯಲ್ಲಿ ತಕಲಿ, ಕಣ್ಣು ಹುಲ್ಲಿನ ಮೇಲೆ. ಹೆಪ್ಪುಗಟ್ಟಿದ ಹುಲ್ಲು ಕರಗದೆ ಅವರು ದೊಡ್ಡಿ ತೆರೆಯುವುದಿಲ್ಲ, ತಣ್ಣನೆಯ ಹುಲ್ಲು ತಿಂದರೆ ಹೊಟ್ಟೆ ಕೆಡುತ್ತದಂತೆ. ಅವರಿಗೆ ಅಲ್ಲಿನ ಬೆಟ್ಟದವರ ಭಾಷೆ ಕೆಚುವಾ ಮಾತ್ರ ಬರುತ್ತದೆ. ನನ್ನ ಜೊತೆ ಬಂದಿದ್ದ ದಾರಿ ತೋರಿಸುವ ಹುಡುಗ ಅದನ್ನು ಸ್ಪ್ಯಾನಿಶ್‌ಗೆ ತಿರುಗಿಸುತ್ತಿದ್ದ. ನನ್ನ ಸ್ಪ್ಯಾನಿಶ್ ಬಗ್ಗೆ ಹೇಳದಿರುವುದೇ ಒಳ್ಳೆಯದು.

ದೊಡ್ಡಿಯ ಬಾಯಿಗೆ ಇಟ್ಟಿದ್ದ ಕಲ್ಲುಗಳನ್ನು ತೆಗೆದಾಗ ಹಿಂಡು ಹೊರಗೆ ಹರಿಯಿತು. ಬಿಳಿ, ಬಿಳಿ, ಕೆನೆ, ಬಿಳಿ. ಕಿವಿಗೆ ಕೆಂಪು, ಗುಲಾಬಿ ಉಣ್ಣೆಯ ಗೊಂಡೆ ಕಟ್ಟಿದವು ಕೆಲವು. ಹೊರಗೆ ಬಂದವೇ ನೇರ ಒಂದು ಜಾಗಕ್ಕೆ ಹೋಗಿ, ಸರದಿಯಲ್ಲಿ ನಿಂತು ಹಿಕ್ಕೆ ಹಾಕಿದವು. ಹೌದು, ಇಡೀ ಹಿಂಡಿಗೆ ಗೊತ್ತುಮಾಡಿದ ಜಾಗ ಅದು. ಮರ ಬೆಳೆಯದ ಆ ಎತ್ತರದಲ್ಲಿ ಒಣಗಿದ ಹಿಕ್ಕೆಯೇ ಒಲೆಗೆ ಸೌದೆ. ಒಂದೇ ಕಡೆ ಹಾಕಿದರೆ ಆಯುವುದೂ ಸುಲಭ. ಆ ಸಾಲಿನ ಕೊನೆಗೆ, ಎಲ್ಲರಿಗಿಂತ ತಡವಾಗಿ, ಒಂದು ಕಪ್ಪು ಅಲ್ಪಾಕ ಬಂತು. ಕಪ್ಪು ಅಂದರೆ ಅಪ್ಪಟ ಕಪ್ಪು. ಬಿಸಿಲಿಗೆ ಬೆನ್ನ ಮೇಲೆ ಮಾತ್ರ ಸ್ವಲ್ಪ ಕಂದು ಮಿಂಚು.

ನನಗೆ ಆವತ್ತು ಬೇರೆ ಕೆಲಸವೇ ಉಳಿಯಲಿಲ್ಲ. ಅದರ ಹಿಂದೆ ಬಿದ್ದೆ. ಬಿಳಿಯದಕ್ಕೆ ಬೆಳಕು ಜಾಸ್ತಿ ಕೊಟ್ಟ ಹಾಗೆ ಕಪ್ಪಿಗೆ ಕಡಿಮೆ ಕೊಡಬೇಕು. ಇಲ್ಲದಿದ್ದರೆ ಅದೂ ಬೂದಾಗುತ್ತದೆ. ಎರಡೂ ಒಂದೇ ಚೌಕಟ್ಟಿನಲ್ಲಿ ಬಂದರೆ? ಹಿಂದೆ ಹಿಮ ಬೇರೆ. ಹಿಮವನ್ನು ಉಳಿಸಿಕೊಂಡರೆ ಕಪ್ಪು ಅಲ್ಪಾಕ ಬರೀ ಒಂದು ತೂತು. ಅದರ ಕಣ್ಣು, ರೆಪ್ಪೆ ಕಾಣಬೇಕೆಂದರೆ ಔಸಾಂಗಾತೆ ಸುಟ್ಟು ಖಾಲಿ ಕಾಗದ. ಮೋಡ ಬಂದು ಬೆಟ್ಟದ ಮೇಲೆ ನೆರಳು ಬೀಳಬೇಕು, ಆಗ ಅಲ್ಪಾಕ ಬಿಸಿಲಲ್ಲಿರಬೇಕು. ಅಂಥ ಮೋಡಕ್ಕಾಗಿ ಹಿಂಡಿನ ಜೊತೆ ನಡೆದೆ. ನಡೆಯುತ್ತಾ ಮಾತಿಗೆ ಸಮಯ ಸಿಕ್ಕಿತು.

"ಒಂದೇ ಯಾಕೆ ಕಪ್ಪು?" ಅಂತ ಕೇಳಿದೆ.

"ಮೊದಲು ಜಾಸ್ತಿ ಇದ್ದವು. ದಲ್ಲಾಳಿ ಬಿಳಿಗೆ ಜಾಸ್ತಿ ಕೊಡ್ತಾನೆ. ಕಪ್ಪು ನಮ್ಮ ಮನೆಗೆ" ಅಂದರು. ಮನೆಗೆ ಅಂದರೆ ಹಗ್ಗಕ್ಕೆ, ಚೀಲಕ್ಕೆ, ಗಂಡಸರು ಹೊದೆಯುವ ಪೊಂಚೊಗೆ, ಕಲ್ಲು ಬೀಸಿ ಹಿಂಡು ತಿರುಗಿಸುವ ಕವಣೆಗೆ. ಅವರ ಕೈಯಲ್ಲಿದ್ದ ಕವಣೆಯಲ್ಲಿ ಕಪ್ಪು ಬಿಳುಪಿನ ಹೆಣಿಗೆ ಎಷ್ಟು ನುಣುಪಾಗಿತ್ತೆಂದರೆ, ಇಂಥದ್ದನ್ನು ಕುಸ್ಕೊದ ಅಂಗಡಿಯಲ್ಲಿ ನಾನು ಕಂಡಿರಲಿಲ್ಲ.

ಕಾರಣ ಸರಳ. ಬಿಳಿ ಉಣ್ಣೆಗೆ ಯಾವ ಬಣ್ಣ ಬೇಕಾದರೂ ಹಾಕಬಹುದು. ಕಪ್ಪಿಗೆ ಹಾಕಲಾಗದು. ಗಿರಣಿಗಳು ಬಿಳಿ ಕೇಳಿದವು, ಬೆಲೆ ಬಿಳಿಗೆ ಬಂತು, ಸಾಕುವವರು ಬಿಳಿ ಗಂಡು ಅಲ್ಪಾಕವನ್ನೇ ತಳಿಗೆ ಉಳಿಸಿಕೊಂಡರು. ಲೋಕದ ಅಲ್ಪಾಕಗಳಲ್ಲಿ ಬಹುಪಾಲು ಇರುವುದು ಪೆರುವಿನಲ್ಲೇ. ಇವತ್ತು ಅವುಗಳಲ್ಲಿ ಬಹುಪಾಲು ಬಿಳಿ.

ತಮಾಷೆ ಏನೆಂದರೆ ಅಲ್ಪಾಕದ ಮೂಲವೇ ಬಿಳಿಯಲ್ಲ. ಅದು ವಿಕುನ್ಯಾ ಅನ್ನುವ ಕಾಡುಪ್ರಾಣಿಯಿಂದ ಪಳಗಿ ಬಂದದ್ದು. ಇದನ್ನು 2001ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿಕೊಟ್ಟಿತು. ಅದಕ್ಕೂ ಮೊದಲು, ಅದೇ ಬಳಗದ ಹೊರೆ ಹೊರುವ ಲಾಮಾ ಮತ್ತು ಅಲ್ಪಾಕ ಎರಡೂ ಒಂದೇ ಮೂಲದವು ಅಂತ ಬಹಳ ಜನ ನಂಬಿದ್ದರು. ವಿಕುನ್ಯಾದ ಮೈ ಹೊಂಬಣ್ಣಕ್ಕೆ ತಿರುಗಿದ ಕಂದು, ಎದೆ, ಹೊಟ್ಟೆ ಬಿಳಿ. ಸ್ಪೇನಿನವರು ಬರುವ ಮುಂಚೆ ಇಲ್ಲಿ ಆಳಿದ ಇಂಕಾಗಳ ಕಾಲದಲ್ಲಿ ಬಣ್ಣಕ್ಕೊಂದು ಲೆಕ್ಕ ಇತ್ತು. ಸೂರ್ಯನಿಗೆ ಬಿಳಿ ಲಾಮಾ ಬಲಿ, ಸೃಷ್ಟಿಕರ್ತ ವಿರಾಕೋಚನಿಗೆ ಕಂದು. ಸ್ಪೇನಿನವರು ಬಂದ ಮೇಲೆ ಹಿಂಡುಗಳು ನಾಶವಾದವು, ತಳಿ ಕಾಪಾಡುವ ಜಾಣ್ಮೆಯೂ ಚದುರಿತು. ದಕ್ಷಿಣ ಪೆರುವಿನ ಎಲ್ ಯರಾಲ್‌ನಲ್ಲಿ ಸಿಕ್ಕ ಸುಮಾರು ಸಾವಿರ ವರ್ಷ ಹಳೆಯ, ಒಣಗಿ ಉಳಿದ ಅಲ್ಪಾಕಗಳ ಉಣ್ಣೆ ಇವತ್ತಿನದಕ್ಕಿಂತ ನವುರು, ಒಂದೇ ಸಮ. ಮೈಕ್ರೋಸ್ಕೋಪು ಇಲ್ಲದ ಕಾಲದಲ್ಲಿ ಇದನ್ನು ಮಾಡಿದ್ದರು ಅಂದರೆ ಸುಮ್ನೆ ಮಾತಲ್ಲ.

"ನಿಮ್ಮೂರಲ್ಲಿ ಏನು ಸಾಕ್ತೀರಿ?" ಅಂತ ಆಕೆ ಕೇಳಿದರು. ನಮ್ಮ ಅಜ್ಜಿಯ ಊರು ಚಳ್ಳಕೆರೆ ಕಡೆ. ಫೋನಿನಲ್ಲಿದ್ದ ಕುರಿ ಹಿಂಡಿನ ಫೋಟೋ ತೋರಿಸಿದೆ. ನಮ್ಮ ಕರಿ ದಖ್ಖನಿ ಕುರಿಗಳು. ಅವರು ಫೋನನ್ನೇ ಇಸಿದುಕೊಂಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು. "ಎಲ್ಲಾ ಕಪ್ಪೇ!" ಅಂತ ಜೋರಾಗಿ ನಕ್ಕರು. ನಮ್ಮಲ್ಲಿ ಕರಿ ಕಂಬಳಿಗೇ ಮರ್ಯಾದೆ, ದೇವರ ಗದ್ದುಗೆಗೂ ಅದನ್ನೇ ಹಾಸುತ್ತೇವೆ, ಬಣ್ಣ ಹಾಕುವ ಕೆಲಸವೇ ಇಲ್ಲ ಅಂದೆ. ಹುಡುಗ ತಿರುಗಿಸಿ ಹೇಳಿದ. ಆಕೆ ತಲೆದೂಗಿದರು. ಆಮೇಲೆ ಕೇಳಿದ್ದು ಒಂದೇ ಮಾತು. "ಕಪ್ಪು ಉಣ್ಣೆಗೆ ಎಷ್ಟು ಕೊಡ್ತಾರೆ?"

ಇದಕ್ಕೆ ಉತ್ತರ ಕೊಡಲು ನನಗೆ ಇಷ್ಟ ಇರಲಿಲ್ಲ. ನಮ್ಮ ಕಡೆ ಈಗ ಉಣ್ಣೆ ಮಾರಿ ಬಂದ ದುಡ್ಡು ಎಷ್ಟೋ ಸಲ ಕತ್ತರಿಸಿದ ಕೂಲಿಗೂ ಸಾಲದು. ಕುರಿ ಉಳಿದಿರುವುದು ಮಾಂಸಕ್ಕೆ. ಇದ್ದದ್ದನ್ನು ಹೇಳಿದೆ. ಅವರು ಫೋನು ವಾಪಸು ಕೊಟ್ಟು ಮತ್ತೆ ತಕಲಿ ತಿರುಗಿಸಿದರು.

ಮಧ್ಯಾಹ್ನ ಹಿಂಡು ಜವುಗು ನೆಲಕ್ಕೆ ಇಳಿಯಿತು. ಹಿಮ ಕರಗಿದ ನೀರು ಹರಡಿ, ಹಸಿರು ದಿಂಬುಗಳಂತೆ ಗಟ್ಟಿ ಗಿಡ ಬೆಳೆಯುವ ಜಾಗ. ಒಣಗಾಲದಲ್ಲಿ ಅಲ್ಪಾಕಗಳಿಗೆ ಇದೇ ಆಧಾರ. ಅವುಗಳ ಪಾದ ಮೆತ್ತಗೆ, ಗೊರಸಿನ ಹಾಗೆ ನೆಲ ಅಗೆಯುವುದಿಲ್ಲ. ಆಕೆ ಬೆಟ್ಟದ ಕಡೆ ಕೈ ತೋರಿಸಿ, ತಾನು ಚಿಕ್ಕವಳಿದ್ದಾಗ ಹಿಮ ಇಲ್ಲಿ ತನಕ ಇತ್ತು ಅಂತ ಒಂದು ಕೆಂಪು ಬಂಡೆಯನ್ನು ಗುರುತಿಸಿದರು. ಪೆರುವಿನ ಹಿಮನದಿಗಳು ಕಳೆದ ಆರು ದಶಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕುಗ್ಗಿವೆ. ಆ ಬಂಡೆಗೂ ಈಗಿನ ಹಿಮದ ಅಂಚಿಗೂ ನಡುವೆ ನನ್ನ 200 ಎಂಎಂ ಲೆನ್ಸಿನ ಪೂರ್ತಿ ಚೌಕಟ್ಟು ಹಿಡಿಯುತ್ತಿತ್ತು.

ಮೋಡ ಬಂದದ್ದು ಮೂರು ಗಂಟೆ ಮೇಲೆ. ಬೆಟ್ಟದ ಮೇಲೆ ನೆರಳು, ಜವುಗಿನ ಮೇಲೆ ಬಿಸಿಲು. ಕಪ್ಪು ಅಲ್ಪಾಕ ನೀರು ಕುಡಿದು ತಲೆ ಎತ್ತಿತು. ಗಡ್ಡದಿಂದ ಹನಿ ಬೀಳುತ್ತಿತ್ತು, ರೆಪ್ಪೆ ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಸುತ್ತ ಬಿಳಿಯವು. ತೆಗೆದೆ. ಅದು ಬಾಯಿ ಓರೆ ಮಾಡಿ, ಕಿವಿ ಹಿಂದಕ್ಕೆ ಒತ್ತಿತು. ಅಲ್ಪಾಕ ಹೀಗೆ ಮಾಡಿದರೆ ಮುಂದಿನದು ಉಗಿಯುವುದು ಅಂತ ಹುಡುಗ ಮೊದಲೇ ಹೇಳಿದ್ದ. ಬದಿಗೆ ಸರಿದೆ. ಉಗುಳು ಹುಡುಗನ ಟೋಪಿಗೆ ಬಿತ್ತು.

ಆಮೇಲೆ ವಿನಿಕುಂಕಾಕ್ಕೂ ಹೋದೆ. ಐದು ಸಾವಿರ ಮೀಟರ್ ಎತ್ತರದ ಪಟ್ಟೆಪಟ್ಟೆ ಬಣ್ಣದ ಬೆಟ್ಟ ಅದು. ಕಬ್ಬಿಣ ಮತ್ತಿತರ ಖನಿಜಗಳಿಂದ ಬಂದ ಬಣ್ಣ. ಸುಮಾರು ಹತ್ತು ವರ್ಷದಿಂದ ಅಲ್ಲಿಗೆ ಜಾತ್ರೆಯಂತೆ ಜನ. ಬಣ್ಣ ನೋಡಲು ಲೋಕದ ಎಲ್ಲಾ ಕಡೆಯಿಂದ ಬಂದವರ ಪಕ್ಕದಲ್ಲಿ, ತಂಪು ಕನ್ನಡಕ ಹಾಕಿಸಿಕೊಂಡ ಬಿಳಿ ಅಲ್ಪಾಕ ನಿಂತಿತ್ತು. ಪೆರುವಿನ ದುಡ್ಡು ಕೆಲವು ಸೋಲ್ ಕೊಟ್ಟರೆ ಜೊತೆಗೆ ಫೋಟೋ. ಕೊಟ್ಟೆ. ಅದರ ಒಡೆಯನ ಹೊಟ್ಟೆಪಾಡು ಅದು, ನಾನೂ ಅದೇ ಅಲ್ಪಾಕದಿಂದ ದುಡಿಯಲು ಹೋದವನು ತಾನೇ.

ಊರಿಗೆ ಬಂದ ಮೇಲೆ ಕ್ಯಾಲೆಂಡರ್ ಮಾಡುವ ಒಬ್ಬರಿಗೆ ಚಿತ್ರಗಳನ್ನು ತೋರಿಸಿದೆ. ಬೇಗ ಬೇಗ ಸರಿಸುತ್ತಾ ಹೋದರು. ಬಿಳಿ ಹಿಂಡು, ಹಿಮ, ನೀಲಿ ಆಕಾಶ ಇದ್ದ ಒಂದಕ್ಕೆ ನಿಲ್ಲಿಸಿದರು.

"ಇದು ಜನವರಿಗೆ ಹಾಕೋಣ ಸಾರ್. ನೀಟಾಗಿದೆ."

"ಈ ಕಪ್ಪದು?"

"ಕಪ್ಪು ಗೋಡೆ ಮೇಲೆ ಯಾರು ಹಾಕ್ಕೋತಾರೆ ಸಾರ್? ಹೊಸ ವರ್ಷ ಬೇರೆ."

ಪಚ್ಚಾಂತಾದ ದಲ್ಲಾಳಿಯ ಬಗ್ಗೆ ಇವರಿಗೆ ಹೇಳಿ ಏನು ಪ್ರಯೋಜನ? ಬಿಳಿಯದಕ್ಕೆ ಒಪ್ಪಿದ ದುಡ್ಡಿನಲ್ಲಿ ಅರ್ಧಕ್ಕೆ ಕಪ್ಪನ್ನೂ ಕೊಡುತ್ತೇನೆ ಅಂದೆ. ಅವರು ಸ್ವಲ್ಪ ಯೋಚಿಸಿ, ಅರ್ಧದಲ್ಲೂ ಇನ್ನಷ್ಟು ಇಳಿಸಿ, ಆಷಾಢ ಬರುವ ತಿಂಗಳಿಗೆ ಅದನ್ನು ತೆಗೆದುಕೊಂಡರು.