ಕಾರಿನ ಎಣ್ಣೆ, ಬೈಕಿನ ಕ್ಲಚ್

ಕಾರಿಗೆ ಹಾಕಿ ಉಳಿದಿದ್ದ ಆಯಿಲ್ ದಂಡವಾಗಬಾರದೆಂದು ಬೈಕಿಗೆ ಸುರಿದ ಜಾಣ ನಾನೇ. ಎರಡೇ ವಾರ. ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಅರಚುತ್ತದೆ, ಬೈಕು ಮಾತ್ರ ಮುಂದಕ್ಕೆ ಹೋಗಲೊಲ್ಲದು. ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸಲೆಂದು ಬೆರೆಸಿದ್ದು ಕ್ಲಚ್ ಪ್ಲೇಟುಗಳನ್ನೂ ಜಾರಿಸಿಬಿಡುತ್ತದೆ.

ನಿನ್ನೆ ಅದನ್ನೆಲ್ಲ ಬಸಿದು, ಡಬ್ಬಿಯ ಹಿಂಬದಿಯಲ್ಲಿ ‘ಜಾಸೋ ಎಂಎ2’ (ಕ್ಲಚ್ ಜಾರಿಸದ ಬೈಕ್ ಎಣ್ಣೆಯ ಗುರುತು) ಎಂದಿರುವುದನ್ನು ಕಣ್ಣು ಕಿರಿದು ಮಾಡಿಕೊಂಡು ಓದಿ, ಕೈಪಿಡಿ ಹೇಳಿದ 10ಡಬ್ಲ್ಯು-30 ಮಂದತೆಯ ಎಣ್ಣೆ ತುಂಬಿದೆ. (ಆ ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಇಷ್ಟು ದಿನ ತೂಕವೆಂದುಕೊಂಡಿದ್ದೆ.)

ಹತ್ತು ವರ್ಷ ಓಡಿಸಿದ ಬೈಕು. ಕೈಪಿಡಿ ತೆರೆದದ್ದು ಇದೇ ಮೊದಲು. ಒಳಗಿನಿಂದ ಕೊಂಡ ದಿನದ ರಸೀದಿ ಉದುರಿತು. ಅದರ ಮೇಲೆ ಅಪ್ಪನ ಸಹಿ.