ಖಾಂಕೆಯ ಹೊಲಿಗೆ ಕೋಣೆ: ಹತ್ತು ತಿಂಗಳ ಕೆಲಸದ ದಾಖಲೆ

ಇರಾಕಿನ ಕುರ್ದಿಸ್ತಾನ್ ಪ್ರದೇಶದಲ್ಲಿ, ಮೋಸುಲ್ ಅಣೆಕಟ್ಟಿನ ಹಿನ್ನೀರಿಗೆ ಸಮೀಪವಿರುವ ಖಾಂಕೆ ಊರಿನ ಪಕ್ಕದ ಶಿಬಿರದಲ್ಲಿ ಯಾಜಿದಿ ಎಂಬ ಧಾರ್ಮಿಕ ಅಲ್ಪಸಂಖ್ಯಾತ ಸಮುದಾಯದ ಹೆಂಗಸರಿಗಾಗಿ ನಾವು ನಡೆಸುತ್ತಿರುವ ಹೊಲಿಗೆ ಕೋಣೆಯ 2024ರ ದಾಖಲೆ ಇದು. ಹಣ ಕೊಟ್ಟವರಿಗೆ ಕಳುಹಿಸುವ ವರದಿಯಲ್ಲಿ ಎಷ್ಟು ಯಂತ್ರ, ಎಷ್ಟು ಮಂದಿ, ಎಷ್ಟು ಪ್ರಮಾಣಪತ್ರ ಎಂಬ ಲೆಕ್ಕಕ್ಕಷ್ಟೇ ಜಾಗವಿರುವುದರಿಂದ, ಅಲ್ಲಿ ಹಿಡಿಸದ ವಿಷಯಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. 2014ರ ಆಗಸ್ಟ್ 3ರಂದು ಐಸಿಸ್ ಉಗ್ರರು ಯಾಜಿದಿಗಳ ನೆಲೆಯಾದ ಸಿಂಜಾರ್ ಪ್ರದೇಶದ ಮೇಲೆ ಬಿದ್ದಾಗ, ಕಾವಲಿಗಿದ್ದ ಕುರ್ದಿಸ್ತಾನದ ಪೇಶ್ಮರ್ಗಾ ಪಡೆಗಳು ಹಿಂದೆ ಸರಿದವು. ಹತ್ತಾರು ಸಾವಿರ ಯಾಜಿದಿಗಳು ನೀರಿಲ್ಲದ ಸಿಂಜಾರ್ ಬೆಟ್ಟವನ್ನು ಹತ್ತಿ ಜೀವ ಉಳಿಸಿಕೊಂಡರು. ಅಪಹರಣಕ್ಕೊಳಗಾದವರ ಶೋಧಕ್ಕಾಗಿ ದುಹೋಕ್‌ನಲ್ಲಿರುವ ಸರ್ಕಾರಿ ಕಚೇರಿಯ ಲೆಕ್ಕದ ಪ್ರಕಾರ ಸೆರೆ ಸಿಕ್ಕವರು 6,417 ಮಂದಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಮತ್ತು ಹುಡುಗಿಯರು. ಸುಮಾರು 2,600 ಮಂದಿಯ ಸುಳಿವು ಇನ್ನೂ ಸಿಕ್ಕಿಲ್ಲ.

ಜನವರಿ ಮತ್ತು ಫೆಬ್ರವರಿ

ಶಿಬಿರದ ಅಂಚಿನಲ್ಲಿ ತಗಡಿನ ಕೋಣೆಯೊಂದನ್ನು, ಇಲ್ಲಿಯವರು ಕ್ಯಾರವಾನ್ ಎನ್ನುವುದನ್ನು, ಪಡೆದು ಹನ್ನೆರಡು ಯಂತ್ರಗಳನ್ನು ಇಳಿಸಿದೆವು. ಎಲ್ಲವೂ ಮೋಟಾರಿನವು. ಕರೆಂಟು ಹೋದ ಮೊದಲ ಮಧ್ಯಾಹ್ನವೇ ನಮ್ಮ ತಪ್ಪು ತಿಳಿಯಿತು: ಜನರೇಟರಿನ ಸರದಿ ಬರುವವರೆಗೆ ಹೆಂಗಸರು ಸೂಜಿ ಅರ್ಧಕ್ಕೆ ನಿಂತ ಬಟ್ಟೆಯ ಮುಂದೆ ಕೈಕಟ್ಟಿ ಕುಳಿತಿದ್ದರು. ಹುಬ್ಬಳ್ಳಿಯಲ್ಲಿ ಅವ್ವನ ಕಾಲಿನಿಂದ ತುಳಿಯುವ ಯಂತ್ರದ ಪಕ್ಕದಲ್ಲೇ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ತಿಂಗಳ ಕೊನೆಯೊಳಗೆ ಆರು ಯಂತ್ರಗಳಿಗೆ ತುಳಿಯುವ ಸ್ಟ್ಯಾಂಡು ಹಾಕಿಸಿದೆವು.

ಎರಡನೆಯ ತಪ್ಪು ಬಟ್ಟೆಯದು. ದುಹೋಕ್ ಪೇಟೆಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ಅಭ್ಯಾಸಕ್ಕಾಗಿ ಕಡುನೀಲಿ ಬಟ್ಟೆಯ ಒಂದು ಥಾನು ತಂದೆ. ಕಿರಿಯರು ಏನೂ ಹೇಳದೆ ಕತ್ತರಿಸತೊಡಗಿದರು. ಬಿಳಿಯ ಉಡುಪು, ಬಿಳಿಯ ತಲೆವಸ್ತ್ರ ತೊಟ್ಟಿದ್ದ ಇಬ್ಬರು ಹಿರಿಯರು ಮಾತ್ರ ಬಟ್ಟೆಯನ್ನು ಮುಟ್ಟದೆ, ಟೇಪನ್ನು ಸುರುಳಿ ಸುತ್ತುತ್ತ ಕುಳಿತರು. ಯಾಜಿದಿ ಸಂಪ್ರದಾಯದಲ್ಲಿ ನೀಲಿ ಬಟ್ಟೆ ವರ್ಜ್ಯ. ಯಾರೂ ನನ್ನನ್ನು ಆಕ್ಷೇಪಿಸಲಿಲ್ಲ. ಮರುದಿನ ನಮ್ಮ ದುಭಾಷಿ ಹೇಳಿದಾಗಲೇ ತಿಳಿದದ್ದು.

ಕರೆಂಟು ಇಲ್ಲದ ಹೊತ್ತಿಗೆ ಕೈಹೊಲಿಗೆ ಇರಲೆಂದು ನಮ್ಮ ಕಡೆಯ ಕೌದಿಯನ್ನು ಕಲಿಸಲು ಹೊರಟು, ಮನೆಯಲ್ಲಿರುವ ಹಳೆಯ ಬಟ್ಟೆಗಳನ್ನು ತರಲು ಹೇಳಿದೆ. ಇಪ್ಪತ್ತಾರು ಮಂದಿಯಲ್ಲಿ ತಂದವರು ಇಬ್ಬರು. ಉಟ್ಟ ಬಟ್ಟೆಯಲ್ಲಿ ಓಡಿಬಂದವರ ಡೇರೆಯಲ್ಲಿ ಹಳೆಯದೆಂದು ಉಳಿದಿರುವ ಅಂಗಿ ಬಹುತೇಕ ಮರಳಿ ಬಾರದ ಯಾರದೋ ಒಬ್ಬರದಾಗಿರುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಕೌದಿಯ ಪಾಠವನ್ನು ಅಲ್ಲಿಗೇ ಕೈಬಿಟ್ಟೆವು.

ಮೊದಲ ದಿನದಿಂದ ಒಂದು ನಿಯಮವನ್ನು ಮಾತ್ರ ಬಿಗಿಯಾಗಿ ಪಾಲಿಸಿದ್ದೇವೆ. ಕೋಣೆಯೊಳಗೆ ಯಾರೂ ಯಾರಿಗೂ 2014ರಲ್ಲಿ ಏನಾಯಿತೆಂದು ಕೇಳುವಂತಿಲ್ಲ. ಪತ್ರಕರ್ತರು, ಸಂಶೋಧಕರು, ನಮ್ಮಂತಹ ಸಂಸ್ಥೆಯವರು ಒಬ್ಬರಾದ ಮೇಲೆ ಒಬ್ಬರಂತೆ ಬಂದು ಅದೇ ಪ್ರಶ್ನೆಗಳನ್ನು ಕೇಳಿ, ಅದೇ ಗಾಯವನ್ನು ಕೆದಕಿ ಹೋಗಿರುವುದನ್ನು ಇಲ್ಲಿನ ಹೆಂಗಸರು ಸಾಕಷ್ಟು ಕಂಡಿದ್ದಾರೆ. ಹೇಳಬೇಕೆನಿಸಿದವರಿಗೆ ವಾರಕ್ಕೆರಡು ದಿನ ಆಪ್ತಸಮಾಲೋಚಕಿ ಬರುತ್ತಾರೆ, ಪಕ್ಕದ ಕೋಣೆಯಲ್ಲಿ.

ಮಾರ್ಚ್

ಹಾಜರಿ ಹದಿನಾಲ್ಕಕ್ಕೆ ಇಳಿಯಿತು. ಆಸಕ್ತಿ ಕುಗ್ಗಿರಬೇಕೆಂದು ಕಚೇರಿಯಲ್ಲಿ ಊಹಿಸಿದರು. ಡೇರೆಗಳಿಗೆ ಹೋಗಿ ವಿಚಾರಿಸಿದಾಗ ಕಂಡದ್ದು ಬೇರೆ: ಮಳೆಗೆ ರಸ್ತೆ ಕೆಸರಾಗಿ, ಚಿಕ್ಕ ಮಕ್ಕಳನ್ನು ಸೀಮೆಎಣ್ಣೆ ಒಲೆ ಉರಿಯುವ ಡೇರೆಯಲ್ಲಿ ಒಂಟಿಯಾಗಿ ಬಿಟ್ಟು ಬರಲು ತಾಯಂದಿರು ಒಪ್ಪುತ್ತಿರಲಿಲ್ಲ. ಇಲ್ಲಿ ಬೆಂಕಿಯ ಭಯ ಕಲ್ಪನೆಯದಲ್ಲ. 2021ರ ಜೂನ್‌ನಲ್ಲಿ ಇದೇ ಪ್ರದೇಶದ ಶಾರಿಯಾ ಎಂಬ ಇನ್ನೊಂದು ಯಾಜಿದಿ ಶಿಬಿರಕ್ಕೆ ಬೆಂಕಿ ಬಿದ್ದು ನೂರಾರು ಡೇರೆಗಳು ಸುಟ್ಟುಹೋದವು. ಆದ್ದರಿಂದ ದಾರಕ್ಕೂ ಗುಂಡಿಗೂ ಮೀಸಲಿಟ್ಟಿದ್ದ ಹಣದಲ್ಲಿ ಸ್ವಲ್ಪ ತೆಗೆದು ಮಕ್ಕಳ ಕೋಣೆಯೊಂದನ್ನು ತೆರೆದು, ಶಿಬಿರದ ಇಬ್ಬರು ಯುವತಿಯರನ್ನು ಸಂಬಳಕ್ಕೆ ಇಟ್ಟುಕೊಂಡೆವು. ಎರಡು ವಾರದಲ್ಲಿ ಹಾಜರಿ ಇಪ್ಪತ್ತಮೂರಕ್ಕೆ ಏರಿತು. ಇಡೀ ವರ್ಷದಲ್ಲಿ ನಾವು ಮಾಡಿದ ಅತ್ಯುತ್ತಮ ಖರ್ಚು ಇದೇ ಎಂದು ನನ್ನ ಅಭಿಪ್ರಾಯ, ಆದರೆ ವರದಿಯ ನಮೂನೆಯಲ್ಲಿ ಅದಕ್ಕೊಂದು ಅಂಕಣವೇ ಇಲ್ಲ.

ಆ ಕೋಣೆಗೆ ಬರುವ ಮಕ್ಕಳೆಲ್ಲರೂ ಶಿಬಿರದಲ್ಲೇ ಹುಟ್ಟಿದವರು. ಶಿಂಗಾಲ್ ಎಂದು ತಂದೆತಾಯಿ ಕರೆಯುವ ಸಿಂಜಾರ್ ಅವರ ಪಾಲಿಗೆ ಮೊಬೈಲಿನಲ್ಲಿರುವ ಚಿತ್ರ. ಅವರ ಅಣ್ಣಂದಿರ ವಯಸ್ಸಿನವರಲ್ಲಿ ತೊಡಕು ಬೇರೆ ಬಗೆಯದು. ಎಳವೆಯಲ್ಲೇ ಸೆರೆಗೊಂಡು ವರ್ಷಗಳ ನಂತರ ಬಿಡಿಸಿಕೊಂಡು ಬಂದ ಹುಡುಗರಲ್ಲಿ ಕೆಲವರು ಮನೆಮಾತಾದ ಕುರ್ಮಾಂಜಿ ಕುರ್ದಿಷ್ ನುಡಿಯನ್ನು ಮರೆತು ಅರಬಿಯನ್ನೋ ತುರ್ಕ್‌ಮನ್ ನುಡಿಯನ್ನೋ ಮಾತ್ರ ಬಲ್ಲವರಾಗಿದ್ದು, ಸ್ವಂತ ಅಜ್ಜಿಯೊಡನೆ ಮಾತನಾಡಲು ದುಭಾಷಿ ಬೇಕಾದ ಪ್ರಸಂಗಗಳಿವೆ.

ಏಪ್ರಿಲ್

ವಿದೇಶದ ಪ್ರದರ್ಶನವೊಂದಕ್ಕೆಂದು ನವಿಲಿನ ಕಸೂತಿ ಹಾಕಿದ ಕೈಚೀಲಗಳನ್ನು ಹೊಲಿಸಿದ್ದೆವು. ಅರವತ್ತರಲ್ಲಿ ಮಾರಾಟವಾದದ್ದು ಒಂಬತ್ತು. ಕೊಳ್ಳುವವರನ್ನು ಸಮುದ್ರದಾಚೆ ಹುಡುಕುತ್ತಿದ್ದ ನಮಗೆ ಪಕ್ಕದ ಸಾಲಿನ ಡೇರೆಗಳು ಕಾಣಿಸಿರಲಿಲ್ಲ.

ಯಾಜಿದಿ ಶ್ರದ್ಧಾವಂತರು ಒಳಗೆ ಧರಿಸುವ ಬಿಳಿಯ ಅಂಗಿಯ ಕೊರಳು ದುಂಡಗೇ ಇರಬೇಕು. ಪೇಟೆಯ ಸಿದ್ಧ ಉಡುಪುಗಳಲ್ಲಿ ಅದು ಸರಿಯಾಗಿ ಸಿಗುವುದಿಲ್ಲ. ನೀಲಿ ಬಟ್ಟೆಯನ್ನು ಮುಟ್ಟದಿದ್ದ ಹಿರಿಯರಲ್ಲಿ ಒಬ್ಬರು, ನಾವೆಲ್ಲ ಅವರನ್ನು ದಾಯೆ, ಅಂದರೆ ಅಮ್ಮ, ಎಂದೇ ಕರೆಯುತ್ತೇವೆ, ಒಂದು ಬೆಳಿಗ್ಗೆ ಬಿಳಿ ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಟೇಪು ಹಿಡಿಯದೆ, ಹೆಬ್ಬೆರಳಿಗೂ ಕಿರುಬೆರಳಿಗೂ ನಡುವಿನ ಅಳತೆಯಲ್ಲೇ ಮೂಲೆಯನ್ನು ಕಮಾನಿನಂತೆ ಕತ್ತರಿಸಿ ಬಿಡಿಸಿದರು. ಕೊರಳು ತಟ್ಟೆಯಂತೆ ದುಂಡಗಿತ್ತು. ಅಂದಿನಿಂದ ಕೊರಳಿನ ಪಾಠ ಅವರದೇ. ಏಪ್ರಿಲ್ 17ರ ಚಾರ್ಶೆಮಾ ಸೋರ್, ಅಂದರೆ ಕೆಂಪು ಬುಧವಾರದ ಹೊಸವರ್ಷದ ಹಬ್ಬಕ್ಕೆ ಮುಂಚೆ ಅಂಥ ನಲವತ್ತೊಂದು ಅಂಗಿಗಳು ಶಿಬಿರದೊಳಗೇ ಹೋದವು. ಏಪ್ರಿಲನ್ನು ವರ್ಷದ ಮದುಮಗಳೆಂದು ಭಾವಿಸುವುದರಿಂದ ಆ ತಿಂಗಳು ಯಾಜಿದಿಗಳಲ್ಲಿ ಮದುವೆಗಳಿಲ್ಲ. ಮೇ ಬಂದೊಡನೆ ಮದುವೆಯ ಉಡುಪುಗಳ ಕೇಳಿಕೆಗಳು ಒಟ್ಟಿಗೆ ಬಂದವು, ಹಾಸಿಗೆ ಹೊದಿಕೆ, ಪರದೆಗಳೂ ಕೂಡ.

ಮೇ ಮತ್ತು ಜೂನ್

ಈ ಎರಡು ತಿಂಗಳು ಹೊಲಿಗೆಗಿಂತ ಕಾಗದಪತ್ರಗಳಲ್ಲೇ ಹೆಚ್ಚು ಕಳೆದವು. 2021ರ ಮಾರ್ಚ್ 1ರಂದು ಇರಾಕಿನ ಸಂಸತ್ತು ಅಂಗೀಕರಿಸಿದ ಯಾಜಿದಿ ಬದುಕುಳಿದವರ ಕಾನೂನು ಮಾಸಾಶನ, ನಿವೇಶನ, ಸರ್ಕಾರಿ ಹುದ್ದೆಗಳಲ್ಲಿ ಶೇ 2ರ ಮೀಸಲಾತಿ ಹಾಗೂ ಶಿಕ್ಷಣದ ಅವಕಾಶವನ್ನು ನೀಡುತ್ತದೆ; ತುರ್ಕ್‌ಮನ್, ಕ್ರೈಸ್ತ, ಶಬಕ್ ಸಮುದಾಯಗಳ ಸಂತ್ರಸ್ತರೂ ಅದರ ವ್ಯಾಪ್ತಿಗೆ ಬರುತ್ತಾರೆ. ಮಾಸಾಶನ 2023ರಲ್ಲಿ ಆರಂಭವಾಯಿತು. ಆದರೆ ಅರ್ಜಿಯೊಡನೆ ನ್ಯಾಯಾಲಯದಲ್ಲಿ ಕ್ರಿಮಿನಲ್ ದೂರು ದಾಖಲಿಸಿದ ಪುರಾವೆಯನ್ನೂ ಕೇಳುವುದರಿಂದ, ಈಗಾಗಲೇ ಹತ್ತು ಕಡೆ ಹೇಳಿದ್ದನ್ನು ಹನ್ನೊಂದನೆಯ ಕಡೆ ಹೇಳಬೇಕಾಗುತ್ತದೆ. ನಮ್ಮ ಕೋಣೆಯ ನಾಲ್ವರೊಡನೆ ವಕೀಲೆಯೊಬ್ಬರನ್ನು ಕಳುಹಿಸಿದೆವು. ಒಬ್ಬಾಕೆ ಬಾಗಿಲಿನಿಂದಲೇ ಹಿಂದಿರುಗಿದರು, ಅದರ ಬಗ್ಗೆ ನಾವು ಮತ್ತೆ ಮಾತೆತ್ತಿಲ್ಲ.

ಸೆರೆಯಲ್ಲಿ ಐಸಿಸ್ ಉಗ್ರರಿಂದ ಹುಟ್ಟಿದ ಮಕ್ಕಳ ವಿಷಯ ಇದಕ್ಕಿಂತ ಕಠಿಣ. ಹೆಂಗಸರನ್ನು ಗೌರವದಿಂದ ಮರಳಿ ಸ್ವೀಕರಿಸಬೇಕೆಂದು ಧರ್ಮಗುರು ಬಾಬಾ ಶೇಖ್ ಸ್ಪಷ್ಟವಾಗಿ ಸಾರಿದರು, ಯಾಜಿದಿಗಳ ಪವಿತ್ರ ಕ್ಷೇತ್ರವಾದ ಲಾಲಿಶ್‌ನ ಬಿಳಿಯ ಚಿಲುಮೆಯಲ್ಲಿ ಅವರಿಗೆ ಮತ್ತೆ ದೀಕ್ಷಾಸ್ನಾನವೂ ಆಯಿತು. ಆದರೆ ಆ ಮಕ್ಕಳನ್ನು ಸಮುದಾಯದೊಳಗೆ ಸೇರಿಸಿಕೊಳ್ಳುವುದಿಲ್ಲವೆಂದು 2019ರಲ್ಲಿ ಧಾರ್ಮಿಕ ಮಂಡಳಿ ಸ್ಪಷ್ಟಪಡಿಸಿತು. ಇರಾಕಿನ ಗುರುತಿನ ಚೀಟಿಯ ಕಾನೂನು ಕೂಡ ಅವರನ್ನು ಮುಸ್ಲಿಮರೆಂದೇ ದಾಖಲಿಸುತ್ತದೆ. ಮಗುವೋ ಮನೆಯೋ ಎಂದು ತಾಯಿಯೊಬ್ಬಳು ಆರಿಸಿಕೊಳ್ಳಬೇಕಾದ ಸ್ಥಿತಿಗೆ ಹೊಲಿಗೆ ಕೋಣೆಯ ಬಳಿ ಯಾವ ಉತ್ತರವೂ ಇಲ್ಲ.



ಜುಲೈ ಮತ್ತು ಆಗಸ್ಟ್

ಶಿಬಿರಗಳನ್ನೆಲ್ಲ ಜುಲೈ 30ರೊಳಗೆ ಮುಚ್ಚುವುದಾಗಿ ಬಾಗ್ದಾದ್ ಸರ್ಕಾರ ಜನವರಿಯಲ್ಲೇ ಪ್ರಕಟಿಸಿ, ಊರಿಗೆ ಮರಳುವ ಕುಟುಂಬಕ್ಕೆ 40 ಲಕ್ಷ ದಿನಾರ್ ಘೋಷಿಸಿತ್ತು. ಗಡುವು ಮುಗಿದರೂ ಶಿಬಿರ ಮುಚ್ಚಲಿಲ್ಲ. ಆದರೆ ಮುಚ್ಚಬಹುದೆಂಬ ಮಾತೇ ಸಾಕಷ್ಟು ಕೆಲಸ ಮಾಡಿತು. ಮೂರು ತಿಂಗಳಲ್ಲಿ ಇರುತ್ತೇವೋ ಇಲ್ಲವೋ ಎಂಬವರು ಆರು ತಿಂಗಳ ತರಬೇತಿಗೆ ಹೆಸರು ಕೊಡುವುದಿಲ್ಲ, ಸಾಲಕ್ಕೆ ಬಟ್ಟೆ ಕೊಡುವ ಅಂಗಡಿಯವನೂ ಕೈ ಹಿಂದೆಳೆಯುತ್ತಾನೆ.

ಆಗಸ್ಟ್ 3ಕ್ಕೆ ಹತ್ತು ವರ್ಷ. ಅಂದು ಕೋಣೆ ತೆರೆಯಲಿಲ್ಲ. ಅದರ ಬೆನ್ನಿಗೇ ಯಾಜಿದಿ ನಾಯಕರೊಬ್ಬರ ಹೇಳಿಕೆಯನ್ನು ನೆಪ ಮಾಡಿಕೊಂಡು ಸಾಮಾಜಿಕ ಜಾಲತಾಣಗಳಲ್ಲಿ ದ್ವೇಷದ ಮಾತುಗಳು ಹರಡಿದಾಗ, ನೂರಾರು ಕುಟುಂಬಗಳು ರಾತ್ರೋರಾತ್ರಿ ಶಿಬಿರಗಳನ್ನು ಬಿಟ್ಟು ಸಿಂಜಾರಿನ ಕಡೆಗೆ ಹೊರಟವು. ನಮ್ಮವರಲ್ಲಿ ಏಳು ಮಂದಿ ಹೋದರು. ಒಂದು ಯಂತ್ರದ ಮೇಲೆ ತೋಳು ಜೋಡಿಸದ ಅಂಗಿಯೊಂದು ಹಾಗೆಯೇ ಉಳಿದಿತ್ತು.

ಸೆಪ್ಟೆಂಬರ್ ಮತ್ತು ಅಕ್ಟೋಬರ್

ಹೋದವರ ಪೈಕಿ ಐವರು ಬೆಟ್ಟದ ಉತ್ತರದ ಸಿನೂನಿಯಲ್ಲಿ ನೆಲೆಸಿದ್ದು, ಯಂತ್ರಗಳನ್ನು ಅಲ್ಲಿಗೆ ಕಳುಹಿಸಬಹುದೇ ಎಂದು ಫೋನಿನಲ್ಲಿ ಕೇಳಿದರು. ಯಂತ್ರಗಳು ಕೇಂದ್ರದ ಆಸ್ತಿಯಾದ್ದರಿಂದ ಆಗದೆಂದು ನಮ್ಮ ಕಚೇರಿ ಮೊದಲು ಹೇಳಿತು. ಕೋಣೆಯೇ ನಾಳೆ ಇರುವುದು ಖಚಿತವಿಲ್ಲದಿರುವಾಗ ಯಂತ್ರವನ್ನು ಇಲ್ಲಿ ಮೊಳೆ ಹೊಡೆದು ಕೂರಿಸಿ ಪ್ರಯೋಜನವೇನೆಂದು ಮೂರು ವಾರ ಪತ್ರ ಬರೆದ ಮೇಲೆ ಒಪ್ಪಿಗೆ ಸಿಕ್ಕಿತು. ತುಳಿಯುವ ಸ್ಟ್ಯಾಂಡಿನ ಐದು ಯಂತ್ರಗಳ ತಲೆಯನ್ನು ಬಿಚ್ಚಿ, ಮಾರಾಟವಾಗದ ಕೈಚೀಲಗಳಲ್ಲೇ ಸುತ್ತಿ, ಪಿಕಪ್ ವಾಹನದಲ್ಲಿ ಕಳುಹಿಸಿದೆವು. ದಾರಿಯ ಚೆಕ್‌ಪೋಸ್ಟುಗಳಿಗಾಗಿ ಪ್ರತಿಯೊಂದರ ನಂಬರನ್ನೂ ಬರೆದ ಪಟ್ಟಿಗೆ ಮೂರು ಮುದ್ರೆ ಹಾಕಿಸಬೇಕಾಯಿತು.

ಅಕ್ಟೋಬರ್ ಮೊದಲ ವಾರ, ಹನ್ನೊಂದರ ವಯಸ್ಸಿನಲ್ಲಿ ಅಪಹರಣಕ್ಕೊಳಗಾದ ಯುವತಿಯೊಬ್ಬಳನ್ನು ಹತ್ತು ವರ್ಷಗಳ ನಂತರ ಗಾಜಾದಿಂದ ಬಿಡಿಸಿ ತಂದ ಸುದ್ದಿ ಬಂತು. ಯಂತ್ರಗಳು ನಿಂತವು, ಫೋನು ಕೈಯಿಂದ ಕೈಗೆ ಹೋಯಿತು. ತಮ್ಮವರ ಫೋಟೋಗಳನ್ನು ಮತ್ತೊಮ್ಮೆ ಶೋಧ ಕಚೇರಿಗೆ ಕೊಟ್ಟುಬರಲು ಮೂವರು ರಜೆ ಕೇಳಿದರು, ಕೊಟ್ಟೆ.

ಸದ್ಯ ಖಾಂಕೆಯಲ್ಲಿ ಏಳು ಯಂತ್ರಗಳು, ಹದಿನೆಂಟು ಮಂದಿ. ಸಿನೂನಿಯ ಐವರು ಶಾಲೆಯೊಂದರ ಪರದೆಗಳ ಕೆಲಸ ಹಿಡಿದಿದ್ದಾರೆ. ಎರಡು ಯಂತ್ರಗಳ ಬೆಲ್ಟು ಸವೆದಿರುವುದಾಗಿ ನಿನ್ನೆ ತಿಳಿಸಿದ್ದು, ಹೊಸ ಬೆಲ್ಟುಗಳನ್ನು ಗುರುವಾರದ ವಾಹನದಲ್ಲಿ ಕಳುಹಿಸಬೇಕು.