ಶಾಲಾ ಪ್ರವಾಸದ ಫೋಟೊಗಳು ಬರುವುದು ನಿಂತ ವರ್ಷ

ಕಳೆದ ತಿಂಗಳು ಎಂಬಿಎ ಓದುತ್ತಿರುವ ನಮ್ಮಣ್ಣನ ಮಗಳು ಊರಿಗೆ ಬಂದಿದ್ದಳು. ಊಟಕ್ಕೆ ಕೂತಾಗ, "ಚಿಕ್ಕಪ್ಪ, ನಮಗೆ ಕ್ಲಾಸಲ್ಲಿ ಕೊಡಾಕ್ ಪಾಠ ಇತ್ತು. ಡಿಜಿಟಲ್ ಬರೋದನ್ನ ಅವರು ನೋಡ್ಲೇ ಇಲ್ವಂತೆ, ಅದಕ್ಕೇ ಮುಳುಗಿದ್ರಂತೆ. ನೀವೂ ಅದೇ ಲೈನಲ್ಲಿ ಇದ್ದವರಲ್ವಾ, ಅವರು ಹೇಳಿದ್ದು ನಿಜಾನಾ?" ಅಂತ ಕೇಳಿದಳು.

ನಿಜ ಅಲ್ಲ ಅಂದೆ. ಯಾಕೆ ಅಲ್ಲ ಅಂತ ಹೇಳೋಕೆ ಹೊರಟರೆ ಮಾತು ರಾತ್ರಿ ಹನ್ನೊಂದರವರೆಗೆ ಹೋಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಫಿಲ್ಮು, ಫೋಟೊ ಕಾಗದ ಮಾರುತ್ತಿದ್ದ ಅಮೆರಿಕದ ದೊಡ್ಡ ಕಂಪನಿ ಕೊಡಾಕ್ ಮಾಡಿದ ತಪ್ಪನ್ನೇ ದಾವಣಗೆರೆಯ ನಮ್ಮ ಪುಟ್ಟ ಕಲರ್ ಲ್ಯಾಬಿನಲ್ಲಿ ನಾನೂ ಮಾಡಿದ್ದೆ. ಆ ತಪ್ಪು ಜನ ಸಾಮಾನ್ಯವಾಗಿ ಹೇಳುವಂಥದ್ದಲ್ಲ.

ನಾನು ಲ್ಯಾಬಿಗೆ ಸೇರಿದ್ದು 1998ರಲ್ಲಿ, ಪ್ರಿಂಟಿಂಗ್ ಆಪರೇಟರ್ ಆಗಿ. ಆಗ ಫಿಲ್ಮ್ ಕಾಲ. ಗಿರಾಕಿ ಕೌಂಟರಿನಲ್ಲಿ ರೋಲ್ ಕೊಟ್ಟು ಚೀಟಿ ಇಸಿದುಕೊಂಡು ಹೋಗುತ್ತಿದ್ದ. ಒಳಗೆ ಆ ರೋಲನ್ನು ತೊಳೆಯಬೇಕು. ಡೆವಲಪರ್ ಅನ್ನುವ ಕೆಮಿಕಲ್ ನೀರು ಸರಿಯಾಗಿ 37.8 ಡಿಗ್ರಿ ಇರಬೇಕು, ಫಿಲ್ಮ್ ಅದರಲ್ಲಿ 3 ನಿಮಿಷ 15 ಸೆಕೆಂಡ್ ಇರಬೇಕು. ಅರ್ಧ ಡಿಗ್ರಿ ಆಚೀಚೆ ಆದರೆ ಬಣ್ಣ ಹೋಯಿತು. ಆಮೇಲೆ ತೊಳೆದ ಫಿಲ್ಮ್, ಅಂದರೆ ನೆಗೆಟಿವ್, ನನ್ನ ಮುಂದೆ ಬರುತ್ತಿತ್ತು. ಒಂದೊಂದು ಫ್ರೇಮ್ ನೋಡಿ, ಹಳದಿ ಎಷ್ಟು, ಮೆಜೆಂಟಾ (ಕಡು ಗುಲಾಬಿ) ಎಷ್ಟು, ಸಯಾನ್ (ತಿಳಿ ನೀಲಿ ಹಸಿರು) ಎಷ್ಟು, ಡೆನ್ಸಿಟಿ (ಚಿತ್ರದ ಗಾಢತೆ) ಎಷ್ಟು ಅಂತ ಕೀಲಿ ಒತ್ತುವುದು ನನ್ನ ಕೆಲಸ. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ; ಕಿತ್ತಳೆ ಪಟ್ಟಿಯ ಮೇಲೆ ಮದುಮಗಳ ಮುಖ ನೀಲಿ ಹಸಿರಾಗಿ ಕಾಣುತ್ತದೆ. ಅದನ್ನು ನೋಡಿಯೇ ಅವಳ ನಿಜವಾದ ಮೈಬಣ್ಣ ಊಹಿಸಬೇಕು. ಕಲಿಯೋಕೆ ನನಗೆ ಎರಡು ವರ್ಷ ಹಿಡಿಯಿತು. ಹರಪನಹಳ್ಳಿ ಕಡೆಯ ಹಿರಿಯ ಫೋಟೊಗ್ರಾಫರ್ ಒಬ್ಬರು ಮೊದಲ ವರ್ಷ ಪ್ರಿಂಟ್ ವಾಪಸ್ ತಂದು ಮೇಜಿನ ಮೇಲೆ ಹರವಿ, "ಏನ್ ತಮ್ಮಾ, ಅರಿಶಿನ ಶಾಸ್ತ್ರ ಮುಗಿದು ನಾಕ್ ದಿನ ಆದ್ರೂ ಹುಡುಗಿ ಹಳದಿನೇ ಅದಾಳಲ್ಲ" ಅಂದಿದ್ದರು. ಆಮೇಲೆ ಅವರೇ ಪಕ್ಕದಲ್ಲಿ ನಿಂತು ಮುಖದ ಬಣ್ಣ ಹೇಗೆ ನೋಡಬೇಕು ಅಂತ ಹೇಳಿಕೊಟ್ಟರು. ಆ ಪಾಠ ಇವತ್ತಿಗೂ ಅನ್ನ ಹಾಕುತ್ತಿದೆ.

ಆ ವ್ಯಾಪಾರದ ಲೆಕ್ಕ ಹೇಗಿತ್ತು ಅನ್ನುವುದು ಗೊತ್ತಾದರೆ ಮುಂದಿನದೆಲ್ಲ ತಿಳಿಯುತ್ತದೆ. ರೋಲ್ ಮಾರಿದಾಗ ಲಾಭ, ತೊಳೆದಾಗ ಲಾಭ, ಪ್ರಿಂಟ್ ಹಾಕಿದಾಗ ಲಾಭ. 36 ಫ್ರೇಮ್ ಇದ್ದರೆ 36ನ್ನೂ ಮ್ಯಾಕ್ಸಿ ಸೈಜಿಗೆ ಹಾಕುತ್ತಿದ್ದೆವು. ಕಣ್ಣು ಮುಚ್ಚಿದ್ದು, ಕೈ ಅಲುಗಿದ್ದು, ತಲೆ ಕತ್ತರಿಸಿದ್ದು, ಎಲ್ಲಕ್ಕೂ ದುಡ್ಡು. ಯಾಕೆಂದರೆ ಫೋಟೊ ಹೇಗೆ ಬಂದಿದೆ ಅಂತ ನೋಡಬೇಕಾದರೆ ಪ್ರಿಂಟ್ ಹಾಕಿಸಲೇಬೇಕಿತ್ತು. ನೋಡುವುದಕ್ಕೆ ಬೇರೆ ದಾರಿಯೇ ಇರಲಿಲ್ಲ. ನಮ್ಮ ವ್ಯಾಪಾರ ನಿಂತಿದ್ದು ಈ ಒಂದು ಸಂಗತಿಯ ಮೇಲೆ. ಜನ ಫೋಟೊ ಇಟ್ಟುಕೊಳ್ಳೋಕೆ ಪ್ರಿಂಟ್ ಹಾಕಿಸುತ್ತಾರೆ ಅಂತ ನಾವು ಅಂದುಕೊಂಡಿದ್ದೆವು. ಹೆಚ್ಚಿನವರು ಹಾಕಿಸುತ್ತಿದ್ದದ್ದು ಒಂದು ಸಲ ನೋಡೋಕೆ. ಇದು ನನಗೆ ಅರ್ಥವಾಗಿದ್ದು ಹದಿನಾಲ್ಕು ವರ್ಷ ಆದಮೇಲೆ.

(ಫಿಲ್ಮ್ ತೊಳೆದು ಉಳಿದ ಫಿಕ್ಸರ್ ಅನ್ನುವ ಕೆಮಿಕಲ್ ನೀರನ್ನು ಕೊಳ್ಳೋಕೆ ತಿಂಗಳಿಗೊಮ್ಮೆ ಒಬ್ಬರು ಕ್ಯಾನ್ ಹಿಡಿದು ಬರುತ್ತಿದ್ದರು. ಫಿಲ್ಮಿನಿಂದ ಬಿಟ್ಟ ಬೆಳ್ಳಿ ಅದರಲ್ಲಿ ಇರುತ್ತದೆ. ಚೆಲ್ಲುವ ನೀರಿಗೂ ಬೆಲೆ ಇದ್ದ ಕಾಲ ಅದು.)

ಡಿಜಿಟಲ್ ಬಂದಾಗ ನಾವು ಕಣ್ಣು ಮುಚ್ಚಿ ಕೂರಲಿಲ್ಲ. 2004ರಲ್ಲಿ ನಮ್ಮ ಮಾಲೀಕರು ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಡಿಜಿಟಲ್ ಮಿನಿಲ್ಯಾಬ್ ತಂದರು. ಅದರಲ್ಲಿ ನೆಗೆಟಿವ್ ಕೂಡ ಸ್ಕ್ಯಾನ್ ಆಗುತ್ತದೆ, ಮೆಮೊರಿ ಕಾರ್ಡಿನಿಂದ ನೇರ ಪ್ರಿಂಟೂ ಬರುತ್ತದೆ. ಪಕ್ಕದ ಊರುಗಳ ಎರಡು ಲ್ಯಾಬು ಹಳೇ ಯಂತ್ರದಲ್ಲೇ ಉಳಿದು ಬಾಗಿಲು ಹಾಕಿದವು. ಅವರ ಫೋಟೊಗ್ರಾಫರ್‌ಗಳೆಲ್ಲ ನಮ್ಮಲ್ಲಿಗೆ ಬಂದರು. ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯಿಂದ ಬೆಳಗಿನ ಬಸ್ಸಿಗೇ ಕವರ್ ಬರುತ್ತಿತ್ತು. ಫಿಲ್ಮ್ ಖರ್ಚಿಲ್ಲ ಅಂತ ಅವರು ಒಂದು ಮದುವೆಗೆ ಮೊದಲಿಗಿಂತ ಹೆಚ್ಚು ಫೋಟೊ ತೆಗೆಯತೊಡಗಿದರು, ಹೆಚ್ಚು ಹಾಕಿಸತೊಡಗಿದರು. ಫೋಟೊಗಳನ್ನು ಪುಟಕ್ಕೇ ಪ್ರಿಂಟ್ ಹಾಕಿ ಪುಸ್ತಕದಂತೆ ಕಟ್ಟುವ ಕರಿಜ್ಮಾ ಆಲ್ಬಂ ಬಂತು. ತಿಂಗಳ ಕೊನೆಗೆ ರಿಜಿಸ್ಟರಿನಲ್ಲಿ ಒಟ್ಟು ಪ್ರಿಂಟ್ ಎಷ್ಟು ಅಂತ ಬರೆಯುತ್ತಿದ್ದವನು ನಾನೇ. ಆ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಹೊಸ ಕಾಲವನ್ನು ದಾಟಿಬಿಟ್ಟೆವು ಅಂತ ನಾವು ಮನಸಾರೆ ನಂಬಿದ್ದೆವು.

ಕೊಡಾಕ್ ಕೂಡ ಹೀಗೇ ದಾಟಿತ್ತು. ಮೊದಲ ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದೇ ಅವರ ಮನೆಯಲ್ಲಿ. 1975ರಲ್ಲಿ ಸ್ಟೀವನ್ ಸ್ಯಾಸನ್ ಅನ್ನುವ ಎಂಜಿನಿಯರ್ ಮಾಡಿದ ಆ ಪೆಟ್ಟಿಗೆ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯೋಕೆ 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಆಮೇಲೆ ಬಹಳ ಕಾಲ ಅವರು ಫಿಲ್ಮ್ ಲಾಭಕ್ಕೆ ಅಂಜಿ ಹಿಂದೇಟು ಹಾಕಿದ್ದು ನಿಜ. ಆದರೆ ಕೊನೆಗೆ ನುಗ್ಗಿದರು. 2001ರಲ್ಲಿ ಆನ್‌ಲೈನಿನಲ್ಲಿ ಫೋಟೊ ಇಡುವ ಒಂದು ಕಂಪನಿಯನ್ನೇ ಕೊಂಡರು. 2005ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರಿದ್ದು ಕೊಡಾಕೇ. ಹಾಗಿದ್ದವರನ್ನು ಡಿಜಿಟಲ್ ನೋಡಲಿಲ್ಲ ಅನ್ನೋಕೆ ಬರುವುದಿಲ್ಲ. ಅವರಿಗೆ ತಪ್ಪಿದ್ದು ಬೇರೆ. ಕ್ಯಾಮೆರಾ ಯಾವುದಾದರೂ ಇರಲಿ, ಜನ ಕೊನೆಗೆ ಕಾಗದಕ್ಕೆ ಬಂದೇ ಬರುತ್ತಾರೆ, ಕಾಗದ ನಮ್ಮದು ಅಂತ ನಂಬಿದ್ದರು. ನೂರು ವರ್ಷದಿಂದ ಅವರಿಗೆ ದುಡ್ಡು ಬಂದಿದ್ದು ಕ್ಯಾಮೆರಾದಿಂದ ಅಲ್ಲ. ಫಿಲ್ಮು, ಕಾಗದ, ಕೆಮಿಕಲ್‌ನಿಂದ. ಡಿಜಿಟಲ್ ಕ್ಯಾಮೆರಾದಲ್ಲಿ ಲಾಭ ತೆಳ್ಳಗೆ. ಅಷ್ಟರಲ್ಲಿ ಫೋನ್ ಬಂದು ಕ್ಯಾಮೆರಾವನ್ನೂ ನುಂಗಿತು, ಕಾಗದವನ್ನೂ ನುಂಗಿತು.

2012ರ ಜನವರಿ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಕಡೆ ಡಿಸೆಂಬರಿನಲ್ಲಿ ಶಾಲಾ ಪ್ರವಾಸ. ಬೇಲೂರು, ಹಳೇಬೀಡು, ಜೋಗ, ಹಂಪಿ. ಪ್ರವಾಸ ಮುಗಿದ ಮೇಲೆ ಕೌಂಟರಿನಲ್ಲಿ ಮಕ್ಕಳು, ಮೇಷ್ಟ್ರುಗಳು ಸಾಲು ನಿಲ್ಲುತ್ತಿದ್ದರು. ಒಂದೇ ಫೋಟೊಗೆ ನಲವತ್ತು ಕಾಪಿ. ಒಬ್ಬ ಹುಡುಗ ಹೆಸರು ಬರೆದುಕೊಂಡು, ದುಡ್ಡು ಒಟ್ಟು ಮಾಡಿಕೊಂಡು ಬರುತ್ತಿದ್ದ. ಆ ವರ್ಷ ಒಂದು ಮಧ್ಯಾಹ್ನ ಕೌಂಟರ್ ಹುಡುಗಿ ಒಳಗೆ ಬಂದು, "ಅಣ್ಣಾ, ಈ ಸಲ ಟ್ರಿಪ್ ಫೋಟೊ ಒಂದೂ ಬಂದಿಲ್ಲ ಅಲ್ವಾ?" ಅಂದಳು. ನಾನು ರಿಜಿಸ್ಟರ್ ತೆಗೆದು ನೋಡಿದೆ. ತಿಂಗಳ ಒಟ್ಟು ಪ್ರಿಂಟ್ ಹೋದ ವರ್ಷಕ್ಕಿಂತ ಜಾಸ್ತಿಯೇ ಇತ್ತು. ಮದುವೆ ಆಲ್ಬಮ್ಮುಗಳು ಅದನ್ನು ಎತ್ತಿ ನಿಲ್ಲಿಸಿದ್ದವು. ಬಾಗಿಲಿನಿಂದ ಒಳಗೆ ಬರುವ ಸಾಮಾನ್ಯ ಗಿರಾಕಿ ಎಷ್ಟೋ ತಿಂಗಳಿಂದ ಕರಗುತ್ತಿದ್ದ. ನಾನು ಎರಡನ್ನೂ ಕೂಡಿಸಿ ಒಂದೇ ಅಂಕಿ ಬರೆಯುತ್ತಿದ್ದೆ. ಕೆಟ್ಟ ಪ್ರಿಂಟ್ ಸಿಕ್ಕವನು ವಾಪಸ್ ಬಂದು ಜಗಳ ಆಡುತ್ತಾನೆ, ನಮಗೆ ಗೊತ್ತಾಗುತ್ತದೆ. ಬರುವುದನ್ನೇ ಬಿಟ್ಟವನು ಯಾಕೆ ಬಿಟ್ಟೆ ಅಂತ ಹೇಳೋಕೆ ಬರುವುದಿಲ್ಲ. ಅದೇ ತಿಂಗಳ 19ರಂದು ಕೊಡಾಕ್ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು. ಪೇಪರಿನಲ್ಲಿ ಓದಿ ನಮ್ಮ ಮಾಲೀಕರು ತುಂಬ ಹೊತ್ತು ಮಾತಾಡಲಿಲ್ಲ.

ಆಮೇಲೆ ಮಾಡಿದ ಮೊದಲ ಕೆಲಸವೂ ತಪ್ಪು. ರೇಟ್ ಇಳಿಸಿದೆವು. 50 ಪ್ರಿಂಟಿಗೆ 10 ಫ್ರೀ ಅಂತ ಫ್ಲೆಕ್ಸ್ ಹಾಕಿಸಿದೆವು, ಆಟೊ ಹಿಂದೆ ಅಂಟಿಸಿದೆವು. ಮೂರು ತಿಂಗಳು ಕಾದೆವು. ಬಂದವರು ಹೇಗೂ ಬರುತ್ತಿದ್ದವರೇ. ಅವರಿಂದ ಬರುವ ದುಡ್ಡು ಕಡಿಮೆಯಾಯಿತು, ಅಷ್ಟೆ. ಬೇಡವಾದ ವಸ್ತುವಿಗೆ ಬೆಲೆ ಇಳಿಸಿದರೆ ಬೇಕು ಅಂತ ಅನ್ನಿಸುವುದಿಲ್ಲ. ಫೋಟೊ ನೋಡುವುದು ಫೋನಿನಲ್ಲೇ ಮುಗಿಯುತ್ತಿತ್ತು. ಅದಕ್ಕಾಗಿ ಯಾರೂ ನಾಕು ರೂಪಾಯಿ ಅಲ್ಲ, ನಾಕಾಣೆಯೂ ಕೊಡಬೇಕಿರಲಿಲ್ಲ.

ಎರಡನೆಯದಾಗಿ ಕೌಂಟರಿನಲ್ಲಿ ಒಂದು ಟಚ್ ಸ್ಕ್ರೀನ್ ಇಟ್ಟೆವು. ಫೋನ್ ಜೋಡಿಸಿ ಬೇಕಾದ ಫೋಟೊ ಆರಿಸಿಕೊಳ್ಳಿ ಅಂತ. ಇದು ದುಡ್ಡು ತರಲಿಲ್ಲ, ಆದರೆ ದೊಡ್ಡ ವಿಷಯ ತೋರಿಸಿತು. ಜನ ಬಂದು ನಿಲ್ಲುತ್ತಿದ್ದರು, ಬೆರಳಿನಿಂದ ಸರಿಸುತ್ತಾ ಹೋಗುತ್ತಿದ್ದರು. ಮೂರು ಸಾವಿರ, ನಾಕು ಸಾವಿರ ಫೋಟೊ. ಹತ್ತು ನಿಮಿಷ ಆದಮೇಲೆ "ಮನೇಲಿ ನೋಡಿ ಆರಿಸ್ಕೊಂಡು ಬರ್ತೀನಿ" ಅಂತ ಹೋದವರು ಮತ್ತೆ ಬರಲಿಲ್ಲ. ಇದನ್ನು ದಿನಾ ನೋಡಿ ನೋಡಿ ನನಗೆ ಹೊಳೆಯಿತು. ಜನರಿಗೆ ಫೋಟೊ ಬೇಡವಾಗಿಲ್ಲ, ಆರಿಸೋದು ಕಷ್ಟವಾಗಿದೆ. ಫಿಲ್ಮ್ ಕಾಲದಲ್ಲಿ 36 ಫ್ರೇಮು ಅನ್ನುವ ಗಡಿಯೇ ಆರಿಸಿಕೊಡುತ್ತಿತ್ತು.

ಆಗ ಜಪಾನಿನ ಫ್ಯೂಜಿ ಕಂಪನಿ ಬಗ್ಗೆ ಓದಿದೆ. ಅವರೂ ಫಿಲ್ಮಿನವರೇ. ಫಿಲ್ಮ್ ಬೇಡಿಕೆ ಜಗತ್ತಿನಲ್ಲಿ ತುದಿ ಮುಟ್ಟಿದ್ದು 2000ದಲ್ಲಿ, ಆಮೇಲೆ ನೇರ ಇಳಿಜಾರು. ಅದೇ ವರ್ಷ ಅಧ್ಯಕ್ಷರಾದ ಶಿಗೆಟಾಕಾ ಕೊಮೊರಿ, ನಮ್ಮ ಹತ್ತಿರ ಇರುವ ವಿದ್ಯೆ ಏನೇನು ಅಂತ ಪಟ್ಟಿ ಮಾಡಿಸಿದರು. ಫಿಲ್ಮಿಗೆ ಹಾಕುವ ಜೆಲಟಿನ್ ಬರುವುದು ಕೊಲಾಜೆನ್ ಅನ್ನುವ ಪ್ರೋಟೀನಿನಿಂದ, ನಮ್ಮ ಚರ್ಮದಲ್ಲಿರುವಂಥದ್ದೇ. ಬಣ್ಣ ಮಾಸದಂತೆ ತಡೆಯುವ ಕೆಮಿಕಲ್ ವಿದ್ಯೆ ಚರ್ಮ ಬಾಡದಂತೆ ತಡೆಯುವುದಕ್ಕೂ ಬರುತ್ತದೆ. 2007ರಲ್ಲಿ ಆಸ್ಟಾಲಿಫ್ಟ್ ಅನ್ನುವ ಸೌಂದರ್ಯ ಸಾಧನ ತಂದರು. ಫಿಲ್ಮಿಗೆ ತಳವಾಗಿ ಬಳಸುತ್ತಿದ್ದ ಪಾರದರ್ಶಕ ಹಾಳೆ ಎಲ್‌ಸಿಡಿ ಪರದೆಗಳಿಗೆ ಬೇಕಾಯಿತು. ಅದಕ್ಕೆ ದೊಡ್ಡ ಕಾರ್ಖಾನೆ ಕಟ್ಟಿದರು. ಸುಲಭಕ್ಕೆ ಆದದ್ದಲ್ಲ. ಫೋಟೊ ವಿಭಾಗದಲ್ಲಿ ಸಾವಿರಾರು ಜನರ ಕೆಲಸವೂ ಹೋಯಿತು. ಆ ಭಾಗವನ್ನು ಬಿಟ್ಟು ಬರೀ ಗೆಲುವಿನ ಕಥೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ನಮ್ಮಲ್ಲೂ ಹನ್ನೊಂದು ಜನ ಇದ್ದವರು ಏಳಾದೆವು. ಟ್ರಿಪ್ ಫೋಟೊ ಬಂದಿಲ್ಲ ಅಂತ ಮೊದಲು ಗಮನಿಸಿದ ಆ ಹುಡುಗಿಯೂ ಹೋದವರಲ್ಲಿ ಒಬ್ಬಳು. ಅದು ನನಗೆ ಇವತ್ತಿಗೂ ನೋವು.

ನಾನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಯಂತ್ರ ಪಕ್ಕಕ್ಕಿಟ್ಟರೆ ನಮಗೆ ಏನು ಬರುತ್ತದೆ? ಮೈಬಣ್ಣ ಸರಿ ಮಾಡೋಕೆ ಬರುತ್ತದೆ. ಆಲ್ಬಂ ಬೈಂಡ್ ಮಾಡೋಕೆ ಬರುತ್ತದೆ. ನೂರಾರು ಮದುವೆ ನೋಡಿ ನೋಡಿ ಯಾವ ಫೋಟೊ ಮನೆಯವರಿಗೆ ಇಷ್ಟವಾಗುತ್ತದೆ ಅಂತ ಗೊತ್ತು. ತಾಳಿ ಕಟ್ಟುವಾಗ ಎಲ್ಲರೂ ಮದುಮಗನ ಕೈ ನೋಡುತ್ತಾರೆ, ಆದರೆ ಮನೆಯವರು ಕೇಳಿ ಹಾಕಿಸಿಕೊಳ್ಳುವುದು ಹುಡುಗಿ ಅಪ್ಪನ ಮುಖದ ಫೋಟೊ. ಜೊತೆಗೆ ಸುತ್ತ ಐದಾರು ತಾಲ್ಲೂಕಿನ ಫೋಟೊಗ್ರಾಫರ್‌ಗಳು ನಮ್ಮನ್ನು ನಂಬುತ್ತಾರೆ.

ಅಲ್ಲಿಂದ ದಾರಿ ಬದಲಾಯಿತು. ಫೋಟೊಗ್ರಾಫರ್ ಎರಡು ಸಾವಿರ ಫೋಟೊ ಕಳಿಸಿದರೆ ಆರಿಸುವುದು, ಪುಟ ಜೋಡಿಸುವುದು, ಬಣ್ಣ ಸರಿ ಮಾಡುವುದು, ಆಲ್ಬಂ ಕಟ್ಟಿ ಬಸ್ಸಿಗೆ ಹಾಕುವುದು, ಇಷ್ಟೂ ನಮ್ಮದು ಅಂದೆವು. ಅವರಿಗೆ ರಾತ್ರಿ ಕೂತು ಕಂಪ್ಯೂಟರ್ ಮುಂದೆ ಕಣ್ಣು ಕೆಡಿಸಿಕೊಳ್ಳುವುದು ತಪ್ಪಿತು. ಪ್ರಿಂಟಿಗೆ ಇಷ್ಟು ಅನ್ನುವ ಲೆಕ್ಕ ಬಿಟ್ಟು ಆಲ್ಬಮ್ಮಿಗೆ ಇಷ್ಟು ಅಂತ ಮಾಡಿದೆವು. ಪ್ರಚಾರಕ್ಕೆ ಫ್ಲೆಕ್ಸ್ ನಿಲ್ಲಿಸಿದೆವು. ಅದರ ಬದಲು ತಾಲ್ಲೂಕು ಫೋಟೊಗ್ರಾಫರ್ ಸಂಘಗಳ ಸಭೆಗೆ ಹೋಗಿ, ಒಂದೇ ಮದುವೆಯ ಎರಡು ಪುಟ ಪಕ್ಕಪಕ್ಕ ಇಟ್ಟು ತೋರಿಸುತ್ತಿದ್ದೆ: ಬಣ್ಣ ತಿದ್ದುವ ಮೊದಲು, ತಿದ್ದಿದ ಮೇಲೆ. ಮಾತು ಬೇಕಾಗುತ್ತಿರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಇಂಟರ್‌ನೆಟ್ ಅಗ್ಗವಾಗಿ ಹಳ್ಳಿ ಹಳ್ಳಿಯ ಕೈಗೂ ಬಂತು. ಫೋಟೊಗ್ರಾಫರ್‌ಗಳು ಪೆನ್‌ಡ್ರೈವ್ ಬಿಟ್ಟು ಫೋಟೊ ನೇರ ಕಳಿಸತೊಡಗಿದರು. ಮೊದಮೊದಲು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಪ್ರಿಂಟ್ ಮಸುಕಾಗಿ ಬಂದಾಗ ನಮ್ಮ ಮೇಲೆ ಸಿಟ್ಟಾಗುತ್ತಿದ್ದರು. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಬರುತ್ತದೆ. ಇದನ್ನು ಕನ್ನಡದಲ್ಲಿ ಎರಡು ನಿಮಿಷದ ವಿಡಿಯೊ ಮಾಡಿ ಎಲ್ಲರಿಗೂ ಕಳಿಸಿದೆ. ಅದನ್ನು ಅವರು ಬೇರೆ ಜಿಲ್ಲೆಯ ಗೆಳೆಯರಿಗೆ ಕಳಿಸಿದರು. ಗದಗ, ಕೊಪ್ಪಳದಿಂದ ಹೊಸ ಫೋಟೊಗ್ರಾಫರ್‌ಗಳು ಫೋನ್ ಮಾಡಿ, "ವಿಡಿಯೊ ಮಾಡಿದವರು ನೀವೇನ್ರಿ?" ಅಂತ ಕೇಳಿ ಕೆಲಸ ಕೊಟ್ಟರು. ನಾವು ದುಡ್ಡು ಕೊಟ್ಟು ಮಾಡಿಸಿದ ಯಾವ ಜಾಹೀರಾತೂ ಇಷ್ಟು ಕೆಲಸ ಮಾಡಿಲ್ಲ.

ಕೌಂಟರಿಗೆ ಬರುವ ಸಾಮಾನ್ಯ ಗಿರಾಕಿ ಪೂರ್ತಿ ಹೋಗಲಿಲ್ಲ, ಬೇರೆ ಕಾರಣಕ್ಕೆ ಬರುತ್ತಾರೆ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ, ಫೋನಿನಲ್ಲಿರುವ ಅಷ್ಟೂ ಫೋಟೊ ಕೊಟ್ಟು "ನಲವತ್ತು ನೀವೇ ಆರಿಸಿ" ಅನ್ನುವ ತಾಯಂದಿರಿದ್ದಾರೆ. ಇನ್ನು ಕೆಲವರು ಬೆಳಗ್ಗೆ ಏಳಕ್ಕೇ ಬಾಗಿಲು ತಟ್ಟುತ್ತಾರೆ. ಮನೆಯಲ್ಲಿ ಹಿರಿಯರು ತೀರಿಕೊಂಡಿರುತ್ತಾರೆ, ಹಾರ ಹಾಕೋಕೆ ಫೋಟೊ ಬೇಕು. ಯಾವುದೋ ಮದುವೆಯ ಗುಂಪಿನಲ್ಲಿ ಹಿಂದೆ ನಿಂತ ಮುಖ, ಫಾರ್ವರ್ಡ್ ಆಗಿ ಆಗಿ ಮಸುಕಾದದ್ದು. ಅದನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಬೇಕು. ಈ ಕೆಲಸ ನಾನು ಬೇರೆಯವರಿಗೆ ಬಿಡುವುದಿಲ್ಲ. ಈಗ ಎಐ ಸಾಫ್ಟ್‌ವೇರ್ ಮಸುಕು ಮುಖವನ್ನು ಕ್ಷಣದಲ್ಲಿ ಚೊಕ್ಕ ಮಾಡಿಕೊಡುತ್ತದೆ, ಆದರೆ ಕಣ್ಣು ಸ್ವಲ್ಪ ಬೇರೆಯಾಗುತ್ತದೆ, ಕೆನ್ನೆಯ ಮಚ್ಚೆ ಅಳಿಸಿ ಹೋಗುತ್ತದೆ. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಮ್ಮನ ಮಚ್ಚೆ ಇಲ್ಲೇ ಇತ್ತಾ?" ಅಂತ ಕೇಳಿ ಕೇಳಿ ವಾಪಸ್ ತರುತ್ತೇನೆ.

ರಿಜಿಸ್ಟರಿನಲ್ಲಿ ಈಗ ಒಟ್ಟು ಅಂತ ಒಂದು ಅಂಕಿ ಬರೆಯುವುದಿಲ್ಲ. ಆಲ್ಬಂ, ಕೌಂಟರ್, ಫ್ರೇಮ್, ಪಾಸ್‌ಪೋರ್ಟ್ ಫೋಟೊ, ಎಲ್ಲಕ್ಕೂ ಬೇರೆ ಬೇರೆ ಕಾಲಮ್ಮು. ಕೊನೆಯ ಕಾಲಮ್ಮಿನಲ್ಲಿ, ಮೂರು ತಿಂಗಳಿಂದ ಕೆಲಸ ಕಳಿಸದ ಫೋಟೊಗ್ರಾಫರ್‌ಗಳ ಹೆಸರು ಬರೆಯುತ್ತೇನೆ. ಅಣ್ಣನ ಮಗಳಿಗೆ ಆ ಪುಟ ತೋರಿಸಿದೆ. ಹೋದ ತಿಂಗಳ ಪಟ್ಟಿಯಲ್ಲಿ ಎಂಟು ಹೆಸರಿದ್ದವು. ಐದು ಜನರಿಗೆ ಫೋನ್ ಮಾಡಿ ಆಗಿದೆ. ಅವರಲ್ಲಿ ಇಬ್ಬರು, ಈಗಿನ ಹುಡುಗ ಹುಡುಗಿಯರು ಆಲ್ಬಂ ಬೇಡ, ರೀಲ್ಸ್ ಮಾಡಿಕೊಡಿ ಸಾಕು ಅನ್ನುತ್ತಿದ್ದಾರೆ ಅಂತ ಹೇಳಿದರು. ಉಳಿದ ಮೂವರಿಗೆ ನಾಳೆ ಫೋನ್ ಮಾಡಬೇಕು.